ಶಾವಿಗೆ ಮನೆಯವನ ಇಟಾಲಿಯನ್ ಪಾಠ

೨೦೦೪ರಲ್ಲಿ, ಒಂಬತ್ತನೇ ಇಯತ್ತೆಯ ಅರ್ಧಕ್ಕೆ ನಾನು ಶಾಲೆ ಬಿಟ್ಟೆ. ಮತ್ತೆ ಕರಿಹಲಗೆಯ ಮುಂದೆ ಕೂತದ್ದು ಹೋದ ವರ್ಷ, ಬೆಂಗಳೂರಿನ ಹಲಸೂರಿನ ಒಂದು ಇಟಾಲಿಯನ್ ಕ್ಲಾಸಿನಲ್ಲಿ. ಅಂದು ಹಲಗೆಯ ಮೇಲೆ ಮೊದಲು ಬಿದ್ದ ಪದ 'ವೆರ್ಮಿಚೆಲ್ಲಿ'. 'ವೆರ್ಮೆ' ಎಂದರೆ ಹುಳ, ಅದಕ್ಕೆ 'ಇಚೆಲ್ಲಿ' ಎಂಬ ಬಾಲ ಅಂಟಿಸಿದರೆ ಸಣ್ಣ ಹುಳಗಳು ಎಂದರು ಮೇಡಂ. ಅಂಗಡಿಯ ಶಾವಿಗೆ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಇರುತ್ತದಲ್ಲ, ಅದೇ ಪದ. ಗದಗಿನ ನಮ್ಮ ಮನೆ ಶಾವಿಗೆಯ ಮೇಲೆಯೇ ನಿಂತದ್ದು. ಇವತ್ತಿಗೂ ಯಂತ್ರ ನಡೆಸುವವಳು ನಮ್ಮ ಅಕ್ಕ. ಫೋನಿನಲ್ಲಿ ಅವಳಿಗೆ ಈ ಸುದ್ದಿ ಹೇಳಿದೆ.

"ಹಂಗಂದವ್ರು ಯಾರ್ ಅವ್ರು? ಅವ್ರ ಬಾಯಾಗ ಹುಳಾ ಬೀಳ್ಲಿ" ಅಂದಳು.

ನಾನು ಇಂದಿರಾನಗರದ ಒಂದು ಇಟಾಲಿಯನ್ ಹೋಟೆಲಿನ ಅಡುಗೆಮನೆಯಲ್ಲಿದ್ದೇನೆ. ತಟ್ಟೆ ತೊಳೆಯಲು ಸೇರಿದವನು ಹಿಟ್ಟಿನ ಮೇಜಿಗೆ ಬಂದದ್ದು ಯಾರ ಶಿಫಾರಸಿನಿಂದಲೂ ಅಲ್ಲ. ಆದರೆ ಆ ಮೇಜು ಗೋಡೆಯ ಹಿಂದೆ. ಮುಂದೆ ಗಾಜಿನ ಕೌಂಟರ್ ಇದೆ. ಅಲ್ಲಿ ನಿಂತವನು ಪಾಸ್ತಾದ ಎಳೆ ಕತ್ತರಿಸುವುದನ್ನು ಗಿರಾಕಿಗಳು ನಿಂತು ನೋಡುತ್ತಾರೆ, ಕೇಳುತ್ತಾರೆ, ಅವನು ಹೇಳುತ್ತಾನೆ. ನನಗೆ ಆ ಜಾಗ ಬೇಕಿತ್ತು. ಇಷ್ಟು ವರ್ಷ ತಿಂದವರು ತಿಂದರು, ಮಾಡಿದವನ ಮುಖ ಯಾರೂ ನೋಡಲಿಲ್ಲ. ಇಟಲಿಯಿಂದ ಒಬ್ಬ ಬಾಣಸಿಗ ಬಂದು ಕೌಂಟರಿಗೆ ಒಬ್ಬರನ್ನು ಆರಿಸುತ್ತಾನೆ, ಅಷ್ಟರೊಳಗೆ ಒಂದಿಷ್ಟು ಭಾಷೆ ಕಲಿಯಿರಿ ಎಂದು ಮಾಲೀಕರು ನನ್ನನ್ನೂ ಸೆಲ್ವಂನನ್ನೂ ಹಲಸೂರಿನ ಮೇಡಂ ಹತ್ತಿರ ಕಳಿಸಿದರು.

ಸೆಲ್ವಂ ನನ್ನ ಜೊತೆ ಅದೇ ಅಡುಗೆಮನೆಯಲ್ಲಿ ಇರುವವನು, ಶಿವಾಜಿನಗರದವನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು, ನನ್ನ ಜೊತೆ ಕನ್ನಡ. ಒಂದೇ ಉಸಿರಿನಲ್ಲಿ ಮೂರನ್ನೂ ದಾಟುತ್ತಾನೆ. ನಾನು ಹಾಗಲ್ಲ. ಕಮ್ಮನಹಳ್ಳಿಯಲ್ಲಿ ನನಗೆ ಕೋಣೆ ಕೊಟ್ಟ ಯಜಮಾನರು ಆ ಜಾಗದಲ್ಲೇ ರಾಗಿ ಬೆಳೆದವರು, ಈಗ ನಾಲ್ಕು ಮಹಡಿ ಬೆಳೆದಿದ್ದಾರೆ. ಅವರ ಕನ್ನಡವೇ ಮೊದಮೊದಲು ನನ್ನ ಕಿವಿಗೆ ಹತ್ತಲಿಲ್ಲ. ಊರಲ್ಲಿ 'ಮಾಡಾಕ ಹತ್ತೀನಿ' ಅನ್ನುತ್ತಿದ್ದವನು ಇಲ್ಲಿ 'ಮಾಡ್ತಾ ಇದೀನಿ' ಅನ್ನಲು ಒಂದು ಮಳೆಗಾಲ ಹಿಡಿಯಿತು.

ಪಾಠ ಮಾತ್ರ ನನಗೆ ಹಿಟ್ಟು ನಾದಿದಷ್ಟೇ ಹಿಡಿಸಿತು. 'ಫಾಚ್ಚೋ' ಎಂದರೆ ಮಾಡುತ್ತೇನೆ. 'ನಾನು' ಎಂದು ಬೇರೆ ಹೇಳಬೇಕಿಲ್ಲ, ಮಾಡುವವನು ಕ್ರಿಯಾಪದದ ಬಾಲದಲ್ಲೇ ಕೂತಿರುತ್ತಾನೆ, ನಮ್ಮ ಹಾಗೆಯೇ. ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್ ಎಲ್ಲ ಲ್ಯಾಟಿನ್ ತಾಯಿಯ ಮಕ್ಕಳಂತೆ. ಫ್ರೆಂಚಿನವರು ಮಾತಾಡುತ್ತಾ ಬಾಲಗಳನ್ನು ನುಂಗಿಕೊಂಡರು, ಅದಕ್ಕೇ ಅವರಿಗೆ 'ನಾನು' 'ನೀನು' ಬಿಟ್ಟರೆ ನಡೆಯುವುದಿಲ್ಲ ಎಂದು ಮೇಡಂ ಹೇಳಿದರು. ತೊರ್ತೆಲ್ಲೀನಿ ಸಣ್ಣ ಕಡುಬು, ತೊರ್ತೆಲ್ಲೋನಿ ದೊಡ್ಡದು. ಬುಡ ಒಂದೇ, ಬಾಲ ಬೇರೆ. ಇಷ್ಟು ವರ್ಷ ಕೈಯಲ್ಲಿ ಹಿಡಿದಿದ್ದ ಪದಗಳು ಕೀಲು ಬಿಚ್ಚಿಕೊಂಡು ಒಳಗನ್ನು ತೋರಿಸಿದವು. ಚಮಚ ಗಂಡು, ಫೋರ್ಕು ಹೆಣ್ಣು ಎಂಬುದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಕನ್ನಡದಲ್ಲಿ ಎರಡೂ 'ಅದು', ಜಗಳವಿಲ್ಲ.

ಆದರೂ ಕ್ಲಾಸಿನಲ್ಲಿ ನಾನು ಬಾಯಿ ತೆರೆಯಲಿಲ್ಲ. ಮನಸ್ಸಿನಲ್ಲಿ ಪೂರ್ತಿ ಕಟ್ಟಿಕೊಂಡು ಹೇಳೋಣ ಎನ್ನುವಷ್ಟರಲ್ಲಿ ಸೆಲ್ವಂ ತಪ್ಪೋ ಒಪ್ಪೋ ಹೇಳಿ ಮುಗಿಸಿರುತ್ತಿದ್ದ.

"ತಪ್ಪಾದ್ರೆ ಏನ್ ಮಗಾ, ಮೇಡಂ ಹೊಡೀತಾರಾ?" ಎಂದು ದಾರಿಯುದ್ದಕ್ಕೂ ಕೆಣಕುತ್ತಿದ್ದ. ಹೊಡೆಯುವುದಿಲ್ಲ. ನಗಬಹುದಲ್ಲ.

ಬಾಣಸಿಗ ಬರುವ ದಿನ ಬೆಳಿಗ್ಗೆ ನಾನೇ ಮೊಟ್ಟೆ ಹಾಕಿ ಹಿಟ್ಟು ನಾದಿ ತಾಲ್ಯಾತೆಲ್ಲೆ ಎಂಬ ಪಟ್ಟಿ ಎಳೆಗಳನ್ನು ಕತ್ತರಿಸಿದೆ. ಹಸಿಯಾಗಿಯೇ ಒದ್ದೆ ಬಟ್ಟೆ ಮುಚ್ಚಿಡುವುದು ಅಡುಗೆಮನೆಯ ಪದ್ಧತಿ. ನನಗೆ ಅದು ಎಂದೂ ಮುಗಿದ ಕೆಲಸ ಅನ್ನಿಸಿರಲಿಲ್ಲ. ನಮ್ಮ ಮನೆಯಲ್ಲಿ ಬಿಸಿಲು ಕಾಣದ ಎಳೆ ಶಾವಿಗೆಯೇ ಅಲ್ಲ. ಇವತ್ತು ಇವರಿಗೆ ನಮ್ಮ ಕೆಲಸ ತೋರಿಸೋಣ ಎಂದು, ಸೆಲ್ವಂ ಬೇಡ ಬೇಡ ಎಂದರೂ ಕೇಳದೆ, ಅಷ್ಟನ್ನೂ ತಾರಸಿಗೆ ಒಯ್ದು ಬಿದಿರಿನ ಗಳಕ್ಕೆ ನೇತುಹಾಕಿದೆ.

ರವೆಯ ಶಾವಿಗೆ ಬಿಸಿಲು ಕುಡಿದು ಗಟ್ಟಿಯಾಗುತ್ತದೆ. ಮೊಟ್ಟೆಯ ಎಳೆ ಬೆಂಗಳೂರಿನ ಗಾಳಿಗೆ ಬಿರಿದು ತುಂಡು ತುಂಡಾಗಿ ನೆಲಕ್ಕುದುರಿತು. ಕತ್ತರಿಸಿದ ಎಳೆ ಎಲ್ಲಿ ಎಂದು ಕೇಳಿಕೊಂಡು ಬಾಣಸಿಗ ತಾರಸಿಗೇ ಬಂದ, ಹಿಂದೆ ಮಾಲೀಕರು. ಮಾಲೀಕರು ಇಂಗ್ಲಿಷಿನಲ್ಲಿ ರೇಗಿದರು. ಸೆಲ್ವಂ ತಲೆ ತಗ್ಗಿಸಿ ನಿಂತ, ನನ್ನ ಹೆಸರು ಹೇಳಲಿಲ್ಲ. ಇದನ್ನು ಮಾಡಿದ್ದು ಯಾರು ಎಂದು ಬಾಣಸಿಗ ತನ್ನ ಭಾಷೆಯಲ್ಲಿ ಕೇಳಿದ.

"ಲೋ ಫಾತ್ತೋ ಇಯೋ" ಅಂದೆ. ನಾನೇ ಮಾಡಿದ್ದು.

ಏಕೆ ಎಂದ.

"ಆ ಕಾಸಾ ಮೀಯಾ, ಅಲ್ ಸೋಲೆ." ನಮ್ಮ ಮನೆಯಲ್ಲಿ, ಬಿಸಿಲಿಗೆ.

ಅವನು ಒಂದು ತುಂಡು ಎತ್ತಿ ಬೆರಳಲ್ಲಿ ಮುರಿದು ನೋಡಿದ. ತಮ್ಮ ದಕ್ಷಿಣದ ಊರುಗಳಲ್ಲೂ ಹಿಂದೆ ಬೀದಿಯಲ್ಲೇ ನೇತುಹಾಕಿ ಒಣಗಿಸುತ್ತಿದ್ದರು, ಆದರೆ ಮೊಟ್ಟೆ ಹಾಕಿದ್ದನ್ನಲ್ಲ ಎಂದು ನಿಧಾನವಾಗಿ ಹೇಳಿದ. ಅಷ್ಟೂ ನನಗೆ ತಿಳಿಯಿತು. ನಡುವೆ ಯಾರೂ ಅನುವಾದ ಮಾಡಲಿಲ್ಲ.

ಮಧ್ಯಾಹ್ನ ಸೆಲ್ವಂ ಕೌಂಟರಿನಲ್ಲಿ ನಿಂತ. ಹಿಟ್ಟು ಒಯ್ಯಲು ಒಳಗೆ ಬಂದವನು ನಾನು ನಾದಿದ್ದನ್ನು ಬೆರಳಿನಿಂದ ಒತ್ತಿ ನೋಡಿದ.

"ಬೇಜಾರಾ?"

"ಇಲ್ಲ."

"ಸುಳ್ಳು ಹೇಳ್ಬೇಡ ಗುರು. ಹಿಟ್ಟು ಕಲ್ಲಾಗಿದೆ."

ನನ್ನನ್ನು ಕ್ಲಾಸಿಗೆ ಕಳಿಸುವುದನ್ನು ಮಾಲೀಕರು ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ. ಸ್ಪ್ಯಾನಿಷಿನ ಬಾಲಗಳೂ ಬೇಕು ಎಂದು ಮೇಡಂಗೆ ಗಂಟುಬಿದ್ದಿದ್ದೇನೆ. ಈಗ ಕ್ಲಾಸಿನಲ್ಲಿ ಮಾತಾಡುತ್ತೇನೆ, ತಪ್ಪುತ್ತೇನೆ, ನಗುತ್ತಾರೆ, ಮತ್ತೆ ಮಾತಾಡುತ್ತೇನೆ. ಬೇಸಿಗೆಯಲ್ಲಿ ಊರಿಗೆ ಹೋದರೆ ಎರಡನೇ ದಿನಕ್ಕೇ ಹೊರಡಲು ಕಾಲು ಕಡಿಯುತ್ತದೆ, ಇಲ್ಲಿಗೆ ಬಂದರೆ ಅಲ್ಲಿನ ಬಿಸಿಲು ಬೇಕು ಅನ್ನಿಸುತ್ತದೆ. ಈ ಸಲ ಅಕ್ಕ ನನ್ನ ಮಾತು ಕೇಳಿ, "ಬೆಂಗಳೂರು ಮಂದಿ ಗತೆ ಮಾತಾಡಾಕ ಹತ್ತಿಯಲ್ಲೋ" ಎಂದಳು. ಇಲ್ಲಿ ನಾನು ಇವತ್ತಿಗೂ 'ಹುಬ್ಳಿ ಕಡೆಯವನು'.

ಈಗ ನನ್ನಲ್ಲಿ ಇರುವುದು ಇಷ್ಟು: ಕಮ್ಮನಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆ, ಗದಗಿನಲ್ಲಿ ಸುತ್ತಿಟ್ಟ ಒಂದು ಹಾಸಿಗೆ, ಗೋಡೆಯ ಹಿಂದೆ ಒಂದು ಮೇಜು, ವಾರಕ್ಕೆ ಎರಡು ಸಂಜೆ ಪಾಠ, ಎರಡು ಕನ್ನಡ, ಅರ್ಧ ಇಟಾಲಿಯನ್.