ಹರೀಶ ಮಾವನ ನಾರಿನ ಪಿಚ್ಚು

ಒಮಾನಿನ ಸೊಹಾರಿನಲ್ಲಿ ನಮ್ಮ ಕರಾವಳಿಯವರು ನಾಲ್ಕು ಜನ ಸೇರಿದರೆ ಹರೀಶ ಮಾವನ ಕತೆ ಬಂದೇ ಬರುತ್ತದೆ. ಎಂಥ ಬೌಲರ್, ಮಸ್ಕತ್ತಿನ ಮೊದಲ ಡಿವಿಷನ್ ತಂಡವೇ ಕರೆದಿತ್ತು, ಕಂಪೆನಿ ಬಿಡದೆ ಅವನ ಆಟ ಹಾಳುಮಾಡಿತು ಎನ್ನುತ್ತಾರೆ. ಈ ಕತೆಯಲ್ಲಿ ಒಂದೇ ತೊಂದರೆ: ಅದು ನಿಜವಲ್ಲ. ಆ ಕರೆ ಬಂದ ಚಳಿಗಾಲ ನಾನಿನ್ನೂ ಪ್ರೈಮರಿ ಶಾಲೆಯ ಹುಡುಗಿ. ಆದರೆ ಅವರನ್ನು ಮಸ್ಕತ್ತಿಗೆ ಕರೆದೊಯ್ದ ಕಾರಿನ ಹಿಂದಿನ ಸೀಟಿನಲ್ಲಿದ್ದವಳು ನಾನು, ಕತೆ ಹೇಳುವವರಲ್ಲ.

ಆಗೆಲ್ಲ ಕಂಪೆನಿಗಳು ಚೆನ್ನಾಗಿ ಆಡುವವರಿಗೆ ಕೆಲಸ ಕೊಟ್ಟು ಕರೆಸಿಕೊಳ್ಳುತ್ತಿದ್ದವು. ಅಮ್ಮನ ತಮ್ಮ ಹರೀಶ ಮಾವ ಬಂದದ್ದೂ ಹಾಗೆಯೇ. ಹೆಸರಿಗೆ ಉಕ್ಕಿನ ಕಾರ್ಖಾನೆಯ ಸ್ಟೋರ್‌ಕೀಪರ್, ನಿಜವಾಗಿ ಎರಡನೇ ಡಿವಿಷನ್ನಿನ ಬೌಲರ್. ಶುಕ್ರವಾರ ಬೆಳಿಗ್ಗೆ ಅಮ್ಮ ಪುಂಡಿ, ಕಡ್ಲೆ ಗಸಿ ಕಟ್ಟಿಕೊಡುತ್ತಿದ್ದರು. ದಾರಿಯಲ್ಲಿ ಕರಕ್ ಚಹಾ. ಗ್ರೌಂಡೆಂದರೆ ಬರೀ ಜಲ್ಲಿ, ನಡುವೆ ಒಂದು ಸಿಮೆಂಟು ಪಟ್ಟಿ. ಅದರ ಮೇಲೆ ತೆಂಗಿನ ನಾರಿನ ಮ್ಯಾಟ್ ಹಾಸಿ, ಎಳೆದು, ಅಂಚಿಗೆ ಮೊಳೆ ಹೊಡೆಯುವುದು ಆತಿಥೇಯ ತಂಡದ ಕೆಲಸ. ನೀರು ಚಿಮುಕಿಸಿದಾಗ ಏಳುತ್ತಿದ್ದ ನಾರಿನ ವಾಸನೆ, ಡೀಸೆಲ್ ವಾಸನೆ ಎರಡೂ ಸೇರಿ ನನ್ನ ಪಾಲಿಗೆ ಅದೇ ಕ್ರಿಕೆಟ್ಟಿನ ವಾಸನೆ.

ಮಾವ ಮಾತ್ರ ಮ್ಯಾಟನ್ನು ಪೂರ್ತಿ ಎಳೆಯಲು ಬಿಡುತ್ತಿರಲಿಲ್ಲ.

“ಅಲ್ಲಿ ಎಳಿಬೇಡ ಮಾರಾಯ, ಸ್ವಲ್ಪ ಸಡಿಲ ಇರ್ಲಿ.”

ಆ ಸಡಿಲದಲ್ಲಿ ಬಿದ್ದ ಚೆಂಡು ನಾರಿಗೆ ಕಚ್ಚಿ, ಸರಕ್ಕನೆ ಒಳಗೆ ತಿರುಗುತ್ತಿತ್ತು. ಇದು ಪಿಚ್ಚಾ, ಹಗ್ಗದ ಮಂಚವಾ ಎಂದು ಎದುರು ತಂಡದ ಕ್ಯಾಪ್ಟನ್ ಹಿಂದಿಯಲ್ಲಿ ಕೇಳಿದ್ದ. “ಮಲಗ್ಲಿಕ್ಕೆ ಬಂದವರಿಗೆ ಮಂಚವೇ” ಎಂದು ಮಾವ ನಮ್ಮ ಕಡೆ ತಿರುಗಿ ಹೇಳಿದ್ದರು. ಆ ಕ್ಯಾಪ್ಟನ್ನಿನ ಸ್ಟಂಪು ಅವತ್ತು ಮೊದಲ ಓವರಿನಲ್ಲೇ ಹಾರಿತು.

ಆಮೇಲೆ ಮಸ್ಕತ್ತಿನ ಮೊದಲ ಡಿವಿಷನ್ ತಂಡದಿಂದ ಟ್ರಯಲ್ಸಿಗೆ ಕರೆ ಬಂತು. ಆ ಡಿವಿಷನ್ನಿನಲ್ಲಿ ಆಡಿದವರಿಗೆ ದೇಶದ ತಂಡದ ಬಾಗಿಲೂ ತೆರೆಯುತ್ತಿತ್ತು. ಆದರೆ ವೀಸಾ ನಮ್ಮ ಕಂಪೆನಿಯದು, ಅವರು ಬಿಡಬೇಕು. ಟ್ರಯಲ್ಸಿಗೆ ಹೋಗುವಾಗ ಹೈವೇಯಲ್ಲಿ ಅಪ್ಪ ಅದನ್ನೇ ಕೇಳಿದರು.

“ಬಿಡ್ತಾರಾ ನಿನ್ನನ್ನು?”

“ಬಿಡ್ತಾರೆ ಭಾವ. ಮ್ಯಾನೇಜರೇ ಹೇಳಿದ್ರು, ಯಲ್ಲಾ, ಹೋಗು, ಸೆಲೆಕ್ಟ್ ಆದ್ರೆ ರಿಲೀಸ್ ನಾನು ಕೊಡಿಸ್ತೇನೆ ಅಂತ.”

ಈ ಎರಡು ಸಾಲನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಮಸ್ಕತ್ತಿನದು ಹುಲ್ಲಿನ ಗ್ರೌಂಡು. ನಾನು ಚಪ್ಪಲಿ ಕಳಚಿ ಅಂಚಿನಲ್ಲಿ ಓಡಾಡಿದೆ. ಮಾವ ಓಡಿ ಬಂದರು, ಕೈ ಅದೇ, ವೇಗ ಅದೇ. ಚೆಂಡು ಮಾತ್ರ ನೆಲಕ್ಕೆ ಬಿದ್ದು ನೆಟ್ಟಗೆ, ವಿಧೇಯವಾಗಿ ಬ್ಯಾಟಿಗೆ ಹೋಯಿತು. ಮೀಸೆ ಮೂಡದ ಹುಡುಗನೊಬ್ಬ ಅವರನ್ನು ಬೇಕಾದಲ್ಲಿಗೆ ಹೊಡೆದ. ಮಾವ ಬಗ್ಗಿ ಪಿಚ್ಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

ಕೊನೆಗೆ ಅಲ್ಲಿಯ ಕ್ಯಾಪ್ಟನ್ ಬಂದು, ಮ್ಯಾಟಿನವರಿಗೆಲ್ಲ ಮೊದಲು ಹೀಗೇ ಆಗುತ್ತದೆ, ಚೆಂಡನ್ನು ಇನ್ನಷ್ಟು ಮುಂದೆ ಹಾಕಬೇಕು, ಶುಕ್ರವಾರ ಪ್ರಾಕ್ಟೀಸಿಗೆ ಬನ್ನಿ ಎಂದರು.

“ನಾನು ಕರ್ಕೊಂಡು ಬರ್ತೇನೆ” ಅಂದರು ಅಪ್ಪ.

“ನೋಡುವ ಭಾವ.”

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕೇಳಿದರು, “ಎಂತಾಯ್ತು?”

“ಕಂಪೆನಿ ಬಿಡುದಿಲ್ಲ ಅಕ್ಕ.”

“ಬಿಡ್ತಾರೆ ಅಂದಿದ್ರಲ್ವಾ ಮಾವ?” ಎಂದೆ.

“ನೀನು ಹೋಗಿ ಕೈಕಾಲು ತೊಳ್ಕೊ” ಎಂದರು ಅಪ್ಪ, ಶೂ ಬಿಚ್ಚುತ್ತಾ.

ಮುಂದಿನ ಶುಕ್ರವಾರ ಮಾವ ನಮ್ಮ ಜಲ್ಲಿ ಗ್ರೌಂಡಿನಲ್ಲಿ ಮೊಳೆ ಹೊಡೆಯುತ್ತಿದ್ದರು. ಆ ಸೀಸನ್ನಿನಲ್ಲಿ ಅವರ ಎದುರು ನಿಂತವರು ಯಾರೂ ಇಲ್ಲ. ಅಮ್ಮನಿಗೆ ಹೇಳಿದ ಆ ಒಂದು ಮಾತು ಊರಿಡೀ ಹರಡಿ ಕತೆಯಾಯಿತು.

ಈಗ ಆ ಗ್ರೌಂಡಿನಲ್ಲಿ ಟ್ರೇಲರ್‌ಗಳು ನಿಲ್ಲುತ್ತವೆ. ನಾರಿನ ಮ್ಯಾಟ್ ಹಾಸುವವರು ಇಲ್ಲ, ಬೌಲಿಂಗ್ ನೋಡಿ ಕೆಲಸ ಕೊಡುವವರೂ ಇಲ್ಲ. ತಾವು ತಡೆದಿರಲಿಲ್ಲ ಎಂದು ಹೇಳಲು ಆ ಮ್ಯಾನೇಜರೂ ಇಲ್ಲ, ಯಾವತ್ತೋ ಹೋದರು. ಮಾವ ಅದೇ ಸ್ಟೋರಿನಲ್ಲಿದ್ದಾರೆ, ಯಾರಾದರೂ ಕಂಪೆನಿಯನ್ನು ಬೈದರೆ ತಲೆದೂಗುತ್ತಾರೆ.

ಹುಲ್ಲಿನಲ್ಲಿ ಅವರ ಆಟ ನಡೆಯಲಿಲ್ಲ, ಅಷ್ಟೇ ಎಂದು ಅಪ್ಪ ಈಗ ಹೇಳುತ್ತಾರೆ. ನಾನು ಅದನ್ನೂ ಒಪ್ಪುವುದಿಲ್ಲ. ಒಂದು ಮಧ್ಯಾಹ್ನ ಯಾವುದಕ್ಕೂ ಸಾಕ್ಷಿಯಾಗುವುದಿಲ್ಲ. ಕಂಪೆನಿ ಬಿಡುತ್ತಿತ್ತು, ತೋಳಿನಲ್ಲಿ ಶಕ್ತಿಯಿತ್ತು, ಕಲಿಸುತ್ತೇನೆ ಎಂದವರಿದ್ದರು, ಕಾರಿತ್ತು. ಹಾಗಾದರೆ ಮಾವ, ನೀವು ಇನ್ನೊಂದು ಸಲ ಯಾಕೆ ಹೋಗಲಿಲ್ಲ?