ಅರ್ಡಿತಳ ನೀಲಿ ಗೀಟು

ನನಗೆ ಚೆನ್ನಾಗಿ ಬಣ್ಣ ಹೊಡೆಯಲು ಬರುತ್ತದೆ. ಆದರೆ ಡ್ವೇನ್ ಹ್ಯಾಕೆಟ್‌ನ ಶೆಡ್ಡಿನಲ್ಲಿ ನನಗೆ ಸಂಬಳ ಸಿಗುವುದು ಕೆಟ್ಟದಾಗಿ ಹೊಡೆಯುವುದಕ್ಕೆ. ಎಪ್ಪತ್ತನೇ ಇಸವಿಯ ಸುಮಾರಿಗೆ ನಮ್ಮೂರ ಕಾರ್ಖಾನೆಯಿಂದ ಹೊರಬಿದ್ದ ದೊಡ್ಡ ಎಂಜಿನ್ನಿನ ಕಾರುಗಳನ್ನು ನಾವು ಮತ್ತೆ ಹೊಸದು ಮಾಡುತ್ತೇವೆ. ಹೊಸದು ಎಂದರೆ ಥಳಥಳ ಹೊಳೆಯುವಂತೆ ಅಲ್ಲ, ಅಂದು ಕಾರ್ಖಾನೆಯ ಬಾಗಿಲು ದಾಟಿದಾಗ ಹೇಗಿತ್ತೋ ಹಾಗೆ. ಬಾಗಿಲಿನ ಒಳಮೈಯಲ್ಲಿ ಬಣ್ಣ ಸೋರಿ ಇಳಿದಿದ್ದರೆ ಈಗಲೂ ಸೋರಬೇಕು. ಬ್ಯಾಟರಿಯ ಪಕ್ಕದ ಚೀಟಿ ಸೊಟ್ಟಗಿದ್ದರೆ ಅಷ್ಟೇ ಸೊಟ್ಟಗೆ ಅಂಟಿಸಬೇಕು. ನವೆಂಬರಿನ ದೊಡ್ಡ ಪ್ರದರ್ಶನದಲ್ಲಿ ತೀರ್ಪುಗಾರರು ಟಾರ್ಚು ಹಿಡಿದು ಮಂಡಿಯೂರಿ ನೋಡಿ, ಬಣ್ಣ ತೀರಾ ಚೆನ್ನಾಗಿದೆ ಎಂದು ಅಂಕ ಕಳೆಯುತ್ತಾರೆ. ನನ್ನ ಹೆಂಡತಿಗೆ ಇದನ್ನು ಅರ್ಥಮಾಡಿಸುವ ಆಸೆಯನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ಅರ್ಡಿತ್ ನೊವಿಕಿ ನಮ್ಮ ಶೆಡ್ಡಿಗೆ ಬರುತ್ತಿದ್ದದ್ದು ಒಂದೇ ಒಂದು ಗೀಟು ಎಳೆಯಲು. ಎಪ್ಪತ್ತರಲ್ಲಿ ಅವಳಿಗೆ ಇಪ್ಪತ್ತೆರಡು. ಕಾರ್ಖಾನೆಯಲ್ಲಿ ಕಾರು ಜೋಡಿಸುವ ಸಾಲಿನಲ್ಲಿ ತಪಾಸಣೆಗೆ ನಿಂತಿದ್ದಳು. ನಿಮಿಷಕ್ಕೊಂದು ಕಾರು ಅವಳ ಮುಂದೆ ತೆವಳಿಕೊಂಡು ಹೋಗುತ್ತಿತ್ತು. ಎಡಗೈ ಇಳಿಸಿ ಸ್ಟೀರಿಂಗ್ ಜೋಡಣೆಯ ನಟ್ಟನ್ನು ಹಿಡಿದು ತಿರುಗಿಸಿ ನೋಡಬೇಕು. ತಿರುಗದಿದ್ದರೆ ಬಲಗೈಯಲ್ಲಿ ನೀಲಿ ಕ್ರೆಯಾನ್ ಹಿಡಿದು, ಎಂಜಿನ್ನಿನ ಹಿಂದಿನ ತಗಡಿನ ಮೇಲೆ ಒಂದು ಸುತ್ತು ಸುತ್ತಿ ಬಾಲ ಎಳೆಯಬೇಕು. ತಿರುಗಿದರೆ ದೊಡ್ಡ ಕತ್ತರಿ ಗುರುತು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ತೊಳೆಯದೆ ಉಳಿದ ಒಂದೆರಡು ಕಾರುಗಳಲ್ಲಿ ಆ ಬಾಲದ ಗೀಟು ಸಿಕ್ಕಿತ್ತು. ತೀರ್ಪುಗಾರರ ಪುಸ್ತಕದಲ್ಲಿ ಅದರ ಫೋಟೋ ಇದೆ. ಅದನ್ನು ಎಳೆದ ಕೈ ಇನ್ನೂ ಬದುಕಿದೆ, ನಮ್ಮೂರ ಚರ್ಚಿನ ಹಿಂದಿನ ಬೀದಿಯಲ್ಲೇ ಇದೆ ಎಂದು ಡ್ವೇನ್‌ಗೆ ಗೊತ್ತಾದ ದಿನ ಅವನು ಕುಣಿದಾಡಿಬಿಟ್ಟ.

ಅವಳು ಬರುವ ದಿನ ನಮಗೆಲ್ಲ ಹಬ್ಬ. ಕೂದಲು ಬಾಚಿ, ತುಟಿಗೆ ಬಣ್ಣ ಹಚ್ಚಿ, ಆಲೂಗೆಡ್ಡೆ ತುಂಬಿದ ಪೋಲಿಷ್ ಕಡುಬು ಪಿಯೆರೋಗಿಯನ್ನು ಡಬ್ಬಿಯಲ್ಲಿ ತರುತ್ತಿದ್ದಳು. ದುಡ್ಡು ಮುಟ್ಟುತ್ತಿರಲಿಲ್ಲ. ಒಮ್ಮೆ ಕಾರಣ ಕೇಳಿದೆ.

"ನೋಡು ಗ್ಲೆನ್, ನಾನು ನಿಂತಿದ್ದ ಜಾಗದಲ್ಲಿ ಈಗ ಹುಲ್ಲು ಬೆಳೆದಿದೆ. ಬೇಲಿ ಹಾಕಿದಾರೆ, ಒಳಗೆ ಹೋದ್ರೆ ಪೊಲೀಸ್ರು ಬರ್ತಾರೆ. ಹದಿನೇಳು ವರ್ಷ ಅಲ್ಲಿ ನಿಂತಿದ್ದೆ ಕಣೋ. ನಿಂತಿದ್ದೆ ಅನ್ನೋಕೆ ಈ ಗೀಟು ಬಿಟ್ರೆ ಏನಿದೆ ನನ್ನ ಹತ್ರ?"

ಎರಡು ಸಾವಿರದ ಹದಿನೆಂಟರ ಬೇಸಗೆಯಲ್ಲಿ ಅವಳ ಬಲಗೈ ನಡುಗತೊಡಗಿತು. ಮೊದಲು ಕಾಫಿ ಲೋಟದಲ್ಲಿ ಗೊತ್ತಾಯಿತು, ಆಮೇಲೆ ಗೀಟಿನಲ್ಲಿ. ಸೆಪ್ಟೆಂಬರಿನಲ್ಲಿ ಒಂದು ಹಸಿರು ಕಾರಿಗೆ ಅವಳು ಎಳೆದ ಗೀಟನ್ನು ನೋಡಿ ತೀರ್ಪುಗಾರನೊಬ್ಬ "ನಕಲಿ" ಎಂದು ಬರೆದು ಅಂಕ ಕಳೆದ. ಎಳೆದವಳೇ ಎಳೆದದ್ದು ನಕಲಿ! ನನಗೆ ಮೈಯೆಲ್ಲ ಉರಿಯಿತು. ಡ್ವೇನ್ ಮಾತ್ರ ಲೆಕ್ಕಾಚಾರದ ಮನುಷ್ಯ. ಕಾರ್ಖಾನೆ ಕಾಲದ ಗುರುತುಗಳ ಅಚ್ಚು ಕೊರೆದು ಕೊಡುವವನೊಬ್ಬ ಕ್ಯಾಲಿಫೋರ್ನಿಯಾದಲ್ಲಿದ್ದಾನೆ ಎಂದು ವಿಚಾರಿಸಿ ಇಟ್ಟುಕೊಂಡ. ಆಮೇಲೆ ಅರ್ಡಿತಳನ್ನು ಕೂರಿಸಿಕೊಂಡು ಹೇಳಿದ.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಆ ಡಾಕ್ಟರು ನಮ್ಮ ಹತ್ರ ಬಿಟ್ಟಿರೋ ಕಿತ್ತಳೆ ಬಣ್ಣದ ಕಾರು ನವೆಂಬರ್ ಪ್ರದರ್ಶನಕ್ಕೆ ಹೋಗ್ಬೇಕು. ಅದಕ್ಕೆ ನೀವೇ ಎಳೀರಿ. ಸರಿಯಾಗಿ ಬಂದ್ರೆ ಮುಂದೂ ನೀವೇ. ಬರ್ಲಿಲ್ಲ ಅಂದ್ರೆ ಅಚ್ಚು ತರಿಸ್ತೀನಿ. ನಿಮಗೂ ಓಡಾಟ ತಪ್ಪುತ್ತೆ."

"ಓಡಾಟ ತಪ್ಪಿಸಿ ಅಂತ ನಿನ್ನ ಹತ್ರ ಯಾವಾಗ ಕೇಳಿದ್ನಪ್ಪಾ?" ಎಂದಳು ಅರ್ಡಿತ್. ನಗುತ್ತಲೇ ಹೇಳಿದಳು, ಆದರೆ ಪಿಯೆರೋಗಿಯ ಡಬ್ಬಿಯನ್ನು ಮರೆತು ಹೋದಳು.

ಡಬ್ಬಿ ಕೊಡಲು ಅವಳ ಮನೆಗೆ ಹೋದವನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ಫ್ರಿಜ್ಜಿನ ಮೈಮೇಲೆ, ಕಿಟಕಿಯ ಗಾಜಿನ ಮೇಲೆ, ಹರಿದು ಚಪ್ಪಟೆ ಮಾಡಿದ ಕಾರ್ನ್‌ಫ್ಲೇಕ್ಸ್ ಡಬ್ಬಗಳ ಮೇಲೆ, ಎಲ್ಲೆಲ್ಲೂ ನೀಲಿ ಗೀಟು. ನೂರಾರು. ಒಂದೊಂದೂ ಗರಗಸದ ಹಲ್ಲಿನ ಹಾಗೆ ಅಂಕುಡೊಂಕು. ಅವಳು ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿ ಇನ್ನೊಂದು ಎಳೆಯುತ್ತಿದ್ದಳು.

"ಡ್ವೇನ್‌ಗೆ ಹೇಳ್ಬೇಡ," ಎಂದಳು. "ಮಾತ್ರೆ ತಗೊಂಡ ಮೇಲೆ ಒಂದು ಗಂಟೆ ಸ್ವಲ್ಪ ಪರವಾಗಿಲ್ಲ. ಆ ಗಂಟೇಲೇ ಅಭ್ಯಾಸ ಮಾಡ್ತಿದೀನಿ. ಬರುತ್ತೆ, ಗ್ಲೆನ್. ಬರ್ಲೇಬೇಕು."

ಬರುವುದಿಲ್ಲ ಎಂದು ನನಗೆ ಕಾಣುತ್ತಿತ್ತು. ನಡುಕ ಒಂದೇ ಅಲ್ಲ, ಅವಳ ಎಚ್ಚರಿಕೆಯೂ ಗೀಟನ್ನು ಕೆಡಿಸುತ್ತಿತ್ತು. ಫೋಟೋದಲ್ಲಿದ್ದ ಗೀಟು ಊಟದ ಗಂಟೆಗೆ ಕಾಯುತ್ತ ನಿಂತ ಹುಡುಗಿ ಬೀಸಿ ಒಗೆದದ್ದು. ಇದು ಪರೀಕ್ಷೆ ಬರೆಯುವವಳ ಗೀಟು.

ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಕಾರ್ಖಾನೆಯಲ್ಲಿ ಅವಳು ಎಳೆಯುತ್ತಿದ್ದದ್ದು ಚಲಿಸುವ ಕಾರಿನ ಮೇಲೆ, ನಿಂತಿರುವ ಕಾರಿನ ಮೇಲೆ ಅಲ್ಲ. ಕಾರನ್ನು ಚಕ್ರದ ಮಣೆಗಳ ಮೇಲೆ ನಿಲ್ಲಿಸಿ, ಸಾಲಿನ ವೇಗದಲ್ಲೇ ಅವಳ ಮುಂದೆ ತಳ್ಳಿದರೆ? ಕೈ ತಾನಾಗಿ ಹೋದೀತು. ಡ್ವೇನ್ ಗೊಣಗುತ್ತಲೇ ಒಪ್ಪಿದ. ಪ್ರದರ್ಶನಕ್ಕೆ ಇನ್ನು ಮೂರು ದಿನ. ಬೆಳಿಗ್ಗೆ ಹತ್ತಕ್ಕೆ, ಮಾತ್ರೆ ಕೆಲಸ ಮಾಡುವ ಹೊತ್ತಿಗೆ, ನಾನು ಮತ್ತು ಡ್ವೇನ್ ಹಿಂದಿನಿಂದ ತಳ್ಳಿದೆವು. ಅರ್ಡಿತ್ ಕಾಲು ಅಗಲಿಸಿ ನಿಂತಿದ್ದಳು. ಕಾರು ಹತ್ತಿರ ಬಂದಂತೆ ಅವಳ ಭುಜ ಸಡಿಲಾಯಿತು. ಎರಡು ಹೆಜ್ಜೆ ಜೊತೆಗೇ ನಡೆದಳು. ಎಡಗೈ ಎಂಜಿನ್ನಿನ ಪಕ್ಕದಲ್ಲಿ ಸರ್ರನೆ ಇಳಿಯಿತು, ಬಲಗೈ ಮೇಲೆದ್ದಿತು. ದೇವರಾಣೆಗೂ ಆ ಕ್ಷಣ ಆ ಕೈ ನಡುಗುತ್ತಿರಲಿಲ್ಲ.

ಕೈ ಅಲ್ಲೇ ನಿಂತಿತು.

"ತಿರುಗ್ತಿದೆ," ಎಂದಳು.

"ಏನು?"

"ನಟ್ಟು. ಸಡಿಲ ಇದೆ. ಬೆರಳಲ್ಲೇ ತಿರುಗ್ತಿದೆ."

"ಆಮೇಲೆ ನೋಡ್ತೀನಿ, ಮೊದ್ಲು ಗೀಟು ಹಾಕಿ!" ಡ್ವೇನ್ ಕಿರುಚಿದ. "ಕೈ ಬಂದಿದೆ, ಹಾಕಿ ಅಮ್ಮಾ!"

ಅವಳು ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಏನು ಕಳೆದುಕೊಳ್ಳುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕ್ರೆಯಾನನ್ನು ತಗಡಿಗೆ ಒತ್ತಿ ದೊಡ್ಡ ಕತ್ತರಿ ಗುರುತು ಗೀಚಿದಳು. ಅಷ್ಟರಲ್ಲಿ ನಡುಕ ಮರಳಿ ಬಂದಿತ್ತು. ಅದನ್ನು ಹತ್ತಿಕ್ಕಲು ಅವಳು ಎಷ್ಟು ಒತ್ತಿದಳೆಂದರೆ ಕ್ರೆಯಾನ್ ಮುರಿದು, ಉಗುರು ತಾಗಿ ನನ್ನ ಹಸಿ ಬಣ್ಣ ಎದ್ದುಬಂತು. ಆಮೇಲೆ ಸಾಲಿನಲ್ಲಿ ಕೂಗುತ್ತಿದ್ದ ಹಾಗೆ, ಶೆಡ್ಡು ಅದುರುವಂತೆ ಕೂಗಿದಳು: "ಕೆಟ್ಟಿದೆ! ಹೊರಗೆ ತೆಗೀರಿ!"

ನಾನು ಸ್ಪ್ಯಾನರ್ ಹಾಕಿದೆ. ಒಂದೂವರೆ ಸುತ್ತು ಸಡಿಲವಿತ್ತು.

ಅದು ಹೇಗಾಯಿತೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ನಟ್ಟು ಬಿಗಿ ಮಾಡಿದವನು ಅದರ ಮೇಲೊಂದು ಹಳದಿ ಚುಕ್ಕೆ ಇಡುವುದು ಕಾರ್ಖಾನೆಯ ಪದ್ಧತಿ. ಆಯಿತು, ಬಿಗಿಯಾಗಿದೆ ಎಂಬುದಕ್ಕೆ ಸಾಕ್ಷಿ. ಆ ಚುಕ್ಕೆಗೂ ಅಂಕವಿದೆ. ಫೋಟೋ ತೆಗೆಯುವವನು ಬರುತ್ತಾನೆಂದು ನಾನು ಚುಕ್ಕೆಗಳನ್ನೆಲ್ಲ ಒಂದು ದಿನ ಮೊದಲೇ ಇಟ್ಟುಬಿಟ್ಟಿದ್ದೆ. ಎಷ್ಟು ಸೋರಬೇಕು, ಯಾವ ಕಡೆ ಜಾರಬೇಕು ಎಂದು ಪುಸ್ತಕ ನೋಡಿಕೊಂಡು ಇಟ್ಟಿದ್ದೆ. ಮರುದಿನ ಬಿಗಿ ಮಾಡಲು ಬಂದವನು ಚುಕ್ಕೆ ನೋಡಿ, ಇದು ಆಗಿದೆ ಎಂದು ಮುಂದೆ ಹೋದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಡಾಕ್ಟರು ಆ ಕಾರನ್ನು ಹೆದ್ದಾರಿಯಲ್ಲಿ ತಾವೇ ಓಡಿಸಿಕೊಂಡು ಹೋಗುವವರಿದ್ದರು.

"ನಟ್ಟು ಬಿಗಿ ಮಾಡೋಕೆ ಅರ್ಧ ನಿಮಿಷ ಸಾಕು," ಡ್ವೇನ್ ತಲೆ ಹಿಡಿದುಕೊಂಡು ನೆಲದಲ್ಲಿ ಕೂತಿದ್ದ. "ಬಾಯಲ್ಲಿ ಹೇಳಿದ್ರಿ, ಸರಿ. ಬಣ್ಣ ಯಾಕ್ರೀ ಕಿತ್ತು ಹಾಕಿದ್ರಿ? ಮೂರು ದಿನದಲ್ಲಿ ಎಲ್ಲಿಂದ ಮಾಡ್ಲಿ ನಾನು?"

"ಬಾಯಲ್ಲಿ ಹೇಳ್ದೆ. ನೀನು ಗೀಟು ಹಾಕು ಅಂದೆ."

ಡ್ವೇನ್ ಸಿಟ್ಟಿನಿಂದ ಎದ್ದು ನಿಂತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಅವಳನ್ನು ಇನ್ನು ಶೆಡ್ಡಿನ ಒಳಗೆ ಬಿಡಬಾರದು ಎಂದುಬಿಟ್ಟ. ಆ ಚುಕ್ಕೆ ನನ್ನದು ಎಂದು ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮನೆ ಸಾಲದ ಕಂತಿತ್ತು, ಹೆದರಿದೆ ಎಂದೆಲ್ಲ ಹೇಳಬಹುದು. ನಿಜವೆಂದರೆ ನಾನು ಹೇಡಿ. ಅವಳು ಕೋಟು ಹಾಕಿಕೊಳ್ಳಲು ಒದ್ದಾಡುತ್ತಿದ್ದಾಗ ತೋಳು ಹಿಡಿದುಕೊಟ್ಟೆ, ಅಷ್ಟೇ.

ಕಾರು ಪ್ರದರ್ಶನಕ್ಕೆ ಹೋಗಲಿಲ್ಲ. ಕ್ಯಾಲಿಫೋರ್ನಿಯಾದ ಅಚ್ಚು ಬಂತು. ತಗಡಿಗೆ ಒತ್ತಿ ನೀಲಿ ಉಜ್ಜಿದರೆ ಇಪ್ಪತ್ತೆರಡು ವರ್ಷದ ಅರ್ಡಿತಳ ಗೀಟು, ಬಾಲದ ಸಮೇತ. ಆಮೇಲೆ ಹೋದ ಕಾರುಗಳ ಗೀಟಿಗೆ ತೀರ್ಪುಗಾರರು ಪೂರ್ತಿ ಅಂಕ ಕೊಟ್ಟರು.

ಚಳಿಗಾಲದಲ್ಲಿ ಒಂದು ದಿನ ತಡೆಯಲಾರದೆ ಫೋನ್ ಮಾಡಿ ಅವಳಿಗೆ ಎಲ್ಲ ಹೇಳಿಬಿಟ್ಟೆ, ಚುಕ್ಕೆಯ ವಿಷಯವನ್ನೂ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆಯೇ.

"ಅಚ್ಚು ಒತ್ತೋಕೆ ಮುಂಚೆ ನಟ್ಟು ಯಾರು ಮುಟ್ಟಿ ನೋಡ್ತಾರೆ?"

"ಯಾರೂ ಇಲ್ಲ," ಎಂದೆ.

"ಅದು ನನ್ನ ಕೈ, ಗ್ಲೆನ್. ನೋಡ್ದೇ ಇದ್ದ ಕಾರಿಗೆಲ್ಲ ನೋಡಿದೀನಿ ಅಂತ ನನ್ನ ಕೈಲಿ ಹೇಳಿಸ್ತಿದೀರಲ್ಲೋ!"

ಆಮೇಲೆ ಪ್ರತಿ ಸೋಮವಾರ ಶೆಡ್ಡಿಗೆ ಅವಳ ಫೋನ್ ಬರತೊಡಗಿತು. ಈ ವಾರ ಎಷ್ಟು ಕಾರು ಹೋಯಿತು, ನಟ್ಟು ನೋಡಿದ್ರಾ? ಡ್ವೇನ್ ಆ ನಂಬರನ್ನು ತಡೆಹಿಡಿದ. ಆಗ ನನಗೆ ಮಾಡಿದಳು. ನೋಡಿದೆ ಅನ್ನುತ್ತಿದ್ದೆ. ಕೆಲವು ಸಲ ನೋಡಿಯೂ ಇದ್ದೆ.

ಏಪ್ರಿಲಿನಲ್ಲಿ ಡಾಕ್ಟರು ತಮ್ಮ ಕಿತ್ತಳೆ ಕಾರನ್ನು ಒಯ್ಯಲು ಬಂದರು. ಕಿತ್ತ ಬಣ್ಣ ಸರಿಮಾಡಿ, ಅದಕ್ಕೂ ಅಚ್ಚಿನ ಗೀಟು ಒತ್ತಿ, ಶೆಡ್ಡಿನ ಅಂಗಳದಲ್ಲಿ ಬಾನೆಟ್ ತೆರೆದು ನಿಲ್ಲಿಸಿದ್ದೆವು. ಸೋಮವಾರದ ಫೋನಿನಲ್ಲಿ ನನ್ನಿಂದ ವಿಷಯ ತಿಳಿದಿದ್ದ ಅರ್ಡಿತ್ ರಸ್ತೆಯ ಕಡೆಯಿಂದ ಊರುಗೋಲು ಹಿಡಿದು ಬಂದಳು. ತುಟಿಗೆ ಬಣ್ಣವಿರಲಿಲ್ಲ. ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದಳು. ಡ್ವೇನ್ ಅಡ್ಡ ಬಂದ.

"ಗೀಟು ಹಾಕಲ್ಲ ಕಣಪ್ಪಾ," ಎಂದು ಬೇಡಿಕೊಂಡಳು. "ಕ್ರೆಯಾನೂ ತಂದಿಲ್ಲ, ಜೇಬು ನೋಡು ಬೇಕಾದ್ರೆ. ಮುಟ್ಟಿ ನೋಡ್ತೀನಿ ಅಷ್ಟೇ. ಅದರ ಮೇಲೆ ನನ್ನ ಗುರುತಿದೆ. ಒಂದು ಸಲ ಮುಟ್ಟಕ್ಕೆ ಬಿಡು."

ಡಾಕ್ಟರು ಒಳ್ಳೆಯವರು, "ಬಿಡಿ, ಮುಟ್ಟಲಿ" ಎಂದರು. ಅವಳು ಕೋಲನ್ನು ನನ್ನ ಕೈಗೆ ಕೊಟ್ಟು ಎಂಜಿನ್ನಿನ ಪಕ್ಕ ಬಾಗಿ ಎಡಗೈ ಇಳಿಸಿದಳು. ನಾವು ಕಾದೆವು. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಸಾಲಿನಲ್ಲಾಗಿದ್ದರೆ ಅಷ್ಟರಲ್ಲಿ ಎರಡು ಕಾರು ದಾಟುತ್ತಿದ್ದವು. ಅವಳ ಬೆನ್ನು ಅಲುಗುವುದನ್ನು ನೋಡಿ ನಾನು ಹತ್ತಿರ ಹೋಗಿ ಬಾಗಿದೆ. ಅಳುತ್ತಿದ್ದಳು. ನಡುಕ ಎಡಗೈಗೂ ಬಂದಿತ್ತು. ನಟ್ಟಿನ ಮೇಲೆ ಬೆರಳುಗಳು ಟಕಟಕ ಬಡಿಯುತ್ತಿದ್ದವು.

"ಗ್ಲೆನ್," ಎಂದು ಪಿಸುಗುಟ್ಟಿದಳು, ಬೇರೆ ಯಾರಿಗೂ ಕೇಳದ ಹಾಗೆ. "ಅಲ್ಲಾಡ್ತಿರೋದು ನಟ್ಟೋ ನನ್ನ ಕೈಯೋ ನಂಗೆ ಗೊತ್ತಾಗ್ತಿಲ್ಲ ಕಣೋ."

ನಾನು ಅವಳ ಬೆರಳುಗಳನ್ನು ಮೆಲ್ಲಗೆ ಸರಿಸಿ ನಟ್ಟು ಹಿಡಿದೆ. ನನ್ನ ಶಕ್ತಿಯೆಲ್ಲ ಹಾಕಿ ತಿರುಗಿಸಿದೆ. ಬಂಡೆಯ ಹಾಗಿತ್ತು.

"ಬಿಗಿಯಾಗಿದೆ ಅರ್ಡಿತ್," ಎಂದೆ. "ಸತ್ಯವಾಗಿ ಬಿಗಿಯಾಗಿದೆ."

ಅವಳು ನನ್ನ ಮುಖವನ್ನೇ ನೋಡಿದಳು. ಬಿಗಿಯಾಗದ ನಟ್ಟಿಗೆ ಬಿಗಿಯಾಗಿದೆ ಎಂದು ಚುಕ್ಕೆ ಇಟ್ಟವನು ನಾನು. ನಂಬಬೇಕೆಂದು ಅವಳಿಗೆ ಎಷ್ಟು ಆಸೆಯಿತ್ತೆಂದು ಆ ಕಣ್ಣಿನಲ್ಲಿ ಕಾಣುತ್ತಿತ್ತು. ಆಮೇಲೆ ಅವಳು ಇಲ್ಲವೆಂದು ತಲೆ ಅಲ್ಲಾಡಿಸಿ, ಮತ್ತೆ ಬಾಗಿ, ನಟ್ಟಿನ ಕಡೆಗೆ ಕೈ ಇಳಿಸಿದಳು.