ನಾಯಿಯ ಆಟ, ನಾಯಿಯ ಅಂಜಿಕೆ

ಅಮೆರಿಕದ ಸ್ಟರ್ಲಿಂಗ್ ಹೈಟ್ಸ್ ಊರಿನಲ್ಲಿ ನಾಯಿಗಳಿಗೆ ಕಾವಲು ಕಲಿಸುತ್ತಿದ್ದ ಧಾರವಾಡದ ಅಂಕಲ್, ಮಾಲೀಕರಿಗಿಂತ ಮೊದಲು ನಾಯಿಯನ್ನೇ ಮಾತಾಡಿಸುತ್ತಿದ್ದರು. "ಬಾಲ ನೋಡ್ರಿ, ಹಲ್ಲಲ್ಲ" ಎನ್ನುವುದು ಅವರ ಮಾತು.

ಮನೆಯಲ್ಲಿ ಕಳ್ಳತನವಾದ ಮೇಲೆ ನನ್ನ ನಾಯಿಯನ್ನು ಅವರಲ್ಲಿಗೆ ಕರೆದೊಯ್ದೆ. ಅವರು ತೋಳಿಗೆ ಕಟ್ಟಿಕೊಂಡ ದಪ್ಪ ಪಟ್ಟಿಯನ್ನು ಅದು ಬೇಟೆಯೆಂದು ಅಟ್ಟಿ, ಖುಷಿಯಿಂದ ಕಚ್ಚುತ್ತಿತ್ತು. ನನಗೆ ಅಷ್ಟು ಸಾಲಲಿಲ್ಲ; ಕಳ್ಳನ ಮೇಲೆ ನಿಜವಾದ ಸಿಟ್ಟಿನಿಂದ ಎರಗುವ ನಾಯಿ ಬೇಕಿತ್ತು.

"ಇದಕ್ಕ ಇದು ಆಟ. ಅಂಜಿಸಿದ್ರ ಜೀವ ಉಳಿಸ್ಕೊಳ್ಳಾಕ ಕಡೀತದ. ಆಮ್ಯಾಲೆ ಯಾರನ್ನೂ ನಂಬೂದಿಲ್ಲ," ಎಂದರು.

"ಪರವಾಗಿಲ್ಲ ಅಂಕಲ್, ಹೆದರಿಸಿ," ಎಂದೆ.

ಅವರು ಒಪ್ಪಲಿಲ್ಲ. ನಾನು ಹುಡುಕಿದ ಬೇರೊಬ್ಬ ತರಬೇತುದಾರ ಕೋಲೆತ್ತಿ ಹೆದರಿಸಿ ಕಲಿಸಿದ. ಮೂರೇ ವಾರದಲ್ಲಿ ನಾಯಿ, ತಬ್ಬಿಕೊಳ್ಳಲು ಬಂದ ನನ್ನ ಮಗಳ ಕೆನ್ನೆಯನ್ನು ಕಚ್ಚಿ ಹರಿಯಿತು.

ನಾಯಿಗೆ ದಯಾಮರಣದ ಇಂಜೆಕ್ಷನ್ ಕೊಡಿಸುವ ದಿನ ಅಂಕಲ್ ತಾವಾಗಿಯೇ ಪಶು ಆಸ್ಪತ್ರೆಗೆ ಬಂದರು. ನೆಲದ ಮೇಲೆ ಕುಳಿತು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಹತ್ತಿರ ಹೋದಾಗ ನಾಯಿ ನಡುಗಿತು.

"ನೀವು ಹೊರಗ ನಿಂದರ್ರಿ," ಎಂದರು.